14 ವರ್ಷದ ದೊರೆ, 25 ವರ್ಷದ ಮಾಜಿ

ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಯಾವ ಪರೀಕ್ಷೆಯ ಗೈಡ್ ತೆರೆದರೂ ಕೊಡಗಿನ ಕೊನೆಯ ದೊರೆಗೆ ಸಿಗುವುದು ಒಂದೇ ಸಾಲು. ಹೆಸರು ಚಿಕ್ಕವೀರರಾಜೇಂದ್ರ, ವಂಶ ಹಾಲೇರಿ, ರಾಜ್ಯ ಕಳೆದುಕೊಂಡದ್ದು 1834ರಲ್ಲಿ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಸಾಹಿತ್ಯದ ಪ್ರಶ್ನೆಗೂ ಸಿದ್ಧವಾಗುವವರು ಇವನ ಮೇಲೆ ಮಾಸ್ತಿಯವರು ಕಾದಂಬರಿ ಬರೆದರು, ಅವರಿಗೆ 1983ರ ಜ್ಞಾನಪೀಠ ಬಂತು ಎಂಬುದನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಚೆಟ್ಟಳ್ಳಿಯವನಾದ ನನಗೆ ಈ ಒಂದು ಸಾಲಿನ ಆಚೆಗೆ ಹೋಗಬೇಕು ಅನ್ನಿಸಿದ್ದಕ್ಕೆ ಒಂದು ಲೆಕ್ಕ ಕಾರಣ. ಈತ ಆಳಿದ್ದು 1820ರಿಂದ 1834ರವರೆಗೆ, ಅಂದರೆ 14 ವರ್ಷ. ಸತ್ತದ್ದು 1859ರಲ್ಲಿ. ಸಿಂಹಾಸನ ಹೋದ ಮೇಲೆ 25 ವರ್ಷ ಬದುಕಿದ್ದ. ಆ 25 ವರ್ಷ ಏನು ಮಾಡಿದ ಎಂದು ಗೈಡ್ ಹೇಳುವುದಿಲ್ಲ.

ಮೊದಲಿನಿಂದ ಹೇಳುವುದಾದರೆ ಕಥೆ ಇವನ ದೊಡ್ಡಪ್ಪನಿಂದ ಶುರುವಾಗಬೇಕು. ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದವನು, 1788ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮತ್ತೆ ಕಟ್ಟಿದವನು. ಟಿಪ್ಪುವಿನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಮುಂಬಯಿಯ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೋಗಲು ಕೊಡಗಿನ ಮೂಲಕ ದಾರಿ ಬಿಟ್ಟ. ಆ ಸೈನ್ಯದ ಜನರಲ್ ಅಬರ್‌ಕ್ರೊಂಬಿಯನ್ನು ಭೇಟಿಯಾದ ನೆನಪಿಗೆ ಕಟ್ಟಿಸಿದ ಊರೇ ವಿರಾಜಪೇಟೆ. ಕಂಪನಿಯನ್ನು ಆತ ಗೆಳೆಯ ಎಂದೇ ನಂಬಿದ್ದ. ಎಷ್ಟು ನಂಬಿದ್ದನೆಂದರೆ, ತನ್ನ ಹೆಣ್ಣುಮಕ್ಕಳ ಮುಂದಿನ ಬದುಕಿಗೆಂದು ದೊಡ್ಡ ಮೊತ್ತವನ್ನು ಕಂಪನಿಯ ಕೈಯಲ್ಲೇ ಇಟ್ಟ. ಈ ಹಣವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದು ಲಂಡನ್ನಿನವರೆಗೆ ಹೋಗುತ್ತದೆ.

ದೊಡ್ಡ ವೀರರಾಜೇಂದ್ರನಿಗೆ ಪಟ್ಟದರಸಿ ಮಹದೇವಮ್ಮಾಜಿಯಲ್ಲಿ ಗಂಡುಮಕ್ಕಳಿರಲಿಲ್ಲ. ತನ್ನ ನಂತರ ಮಗಳು ದೇವಮ್ಮಾಜಿಯೇ ಪಟ್ಟಕ್ಕೆ ಬರಬೇಕೆಂದು ಹಟ ಹಿಡಿದು ಕಂಪನಿಯಿಂದ ಅದಕ್ಕೆ ಒಪ್ಪಿಗೆ ತರಿಸಿಕೊಂಡ. 1809ರಲ್ಲಿ ಆತ ಸತ್ತಾಗ ಇನ್ನೂ ಚಿಕ್ಕವಳಾಗಿದ್ದ ಹುಡುಗಿ ಕೊಡಗಿನ ರಾಣಿಯಾದಳು. ಅವಳ ಚಿಕ್ಕಪ್ಪ ಲಿಂಗರಾಜ ಮೊದಲು ದಿವಾನನಾಗಿ ಬಂದ, ಎರಡು ವರ್ಷ ಕಳೆಯುವುದರೊಳಗೆ ತಾನೇ ರಾಜನೆಂದು ಘೋಷಿಸಿಕೊಂಡ. ದೇವಮ್ಮಾಜಿಯ ಆಳ್ವಿಕೆ 1811ಕ್ಕೆ ಮುಗಿಯಿತು. ಒಪ್ಪಿಗೆ ಕೊಟ್ಟಿದ್ದ ಕಂಪನಿ ಸುಮ್ಮನಿತ್ತು. ಮಡಿಕೇರಿ ಕೋಟೆಯೊಳಗೆ ಇವತ್ತು ನಾವು ನೋಡುವ ಅರಮನೆಗೆ ಈಗಿನ ರೂಪ ಕೊಟ್ಟವನು, ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದವನು ಇದೇ ಲಿಂಗರಾಜ. ಭೂಮಿಯ ಲೆಕ್ಕ ಕಟ್ಟುನಿಟ್ಟಾಗಿ ಬರೆಸಿದವನೂ ಅವನೇ. ಆಡಳಿತಗಾರನಾಗಿ ಸಾಮಾನ್ಯನಲ್ಲ. ಆದರೆ ಅಣ್ಣನ ಮಗಳ ಪಟ್ಟ ಕಿತ್ತುಕೊಂಡವನು ಎಂಬುದೂ ಅಷ್ಟೇ ನಿಜ.

1820ರಲ್ಲಿ ಲಿಂಗರಾಜ ತೀರಿಕೊಂಡ. ಮಗ ಚಿಕ್ಕವೀರರಾಜನಿಗೆ ಆಗ ಸುಮಾರು 20 ವರ್ಷ. ನನ್ನ ವಯಸ್ಸು. ನಮ್ಮಲ್ಲಿ 20ಕ್ಕೆ ಇಂಟರ್ನ್‌ಶಿಪ್ ಎಲ್ಲಿ ಸಿಗುತ್ತದೆ, ಬ್ಯಾಕ್‌ಲಾಗ್ ಹೇಗೆ ತೀರಿಸುವುದು ಎಂಬ ಚಿಂತೆ. ಅವನ ಎದುರು ಇದ್ದದ್ದು ಬೇರೆ. ಅಪ್ಪನಿಗೆ ಪಟ್ಟ ಹೇಗೆ ಬಂತೆಂದು ಅರಮನೆಯಲ್ಲಿ ಎಲ್ಲರಿಗೂ ಗೊತ್ತು. ಪಟ್ಟಕ್ಕೆ ನಿಜವಾದ ಹಕ್ಕಿದ್ದ ದೇವಮ್ಮಾಜಿ ಇನ್ನೂ ಬದುಕಿದ್ದಳು. ಅಂದರೆ ಇವನು ಕುಳಿತದ್ದು ಇನ್ನೊಬ್ಬರ ಜಾಗದಲ್ಲಿ, ಆ ಇನ್ನೊಬ್ಬರು ಅದೇ ಬೆಟ್ಟದ ಮೇಲಿದ್ದಾರೆ.

ಮುಂದೆ ನಡೆದದ್ದನ್ನು ಮೃದು ಮಾಡಿ ಹೇಳಲು ಸಾಧ್ಯವಿಲ್ಲ. ದೇವಮ್ಮಾಜಿಯೂ ರಾಜಮನೆತನದ ಇನ್ನೂ ಹಲವರೂ ಇವನ ಕಾಲದಲ್ಲಿ ಕೊಲೆಯಾದರು. ದಿವಾನ ಕುಂಟ ಬಸವನ ಹೆಸರು ಈ ಎಲ್ಲ ಕೃತ್ಯಗಳ ಜೊತೆಗೇ ಬರುತ್ತದೆ. ಇದರ ಮೇಲೆ ಕಥೆಗಳು ಬೆಳೆದವು. ನಮ್ಮ ಕಡೆ ಅಜ್ಜಿಯರು ಹೇಳುವ ದೊರೆಯ ಕಥೆಯಲ್ಲಿ ದೊರೆಗೆ ಹೆಸರಿರುವುದಿಲ್ಲ, ಬರೀ ದೊರೆ, ಅವನು ಹೋಗುವ ದಾರಿಯಲ್ಲಿ ಚೆಂದದ ಹೆಣ್ಣುಮಕ್ಕಳು ಕಾಣಿಸಿಕೊಳ್ಳಬಾರದು. ಹೀಗೆ ಕೇಳಿದ್ದನ್ನೆಲ್ಲ ಕೂಡಿಸಿದರೆ ಉಳಿಯುವುದು ಒಬ್ಬ ರಾಕ್ಷಸ ಮಾತ್ರ.

ನಾನು ಇಲ್ಲಿ ಸ್ವಲ್ಪ ನಿಂತು ಯೋಚಿಸಿದೆ. ನಮಗೆ ಮೆಷರ್‌ಮೆಂಟ್ಸ್ ವಿಷಯದಲ್ಲಿ ಮೊದಲು ಹೇಳಿಕೊಡುವ ಪಾಠ ಒಂದಿದೆ. ಮೀಟರಿನ ಮುಳ್ಳೇ ಓರೆಯಾಗಿದ್ದರೆ ನೂರು ಸಲ ರೀಡಿಂಗ್ ತೆಗೆದು ಸರಾಸರಿ ಹಾಕಿದರೂ ಉತ್ತರ ಸರಿಯಾಗುವುದಿಲ್ಲ, ಬೇರೆ ಮೀಟರ್ ತರಬೇಕು. ಈ ದೊರೆಯ ಬಗ್ಗೆ ನಮಗೆ ಸಿಗುವ ಹಳೆಯ ಬರಹಗಳಲ್ಲಿ ಹೆಚ್ಚಿನವು ಅವನನ್ನು ಇಳಿಸಿದ ಕಂಪನಿಯ ಅಧಿಕಾರಿಗಳವು, ಇಲ್ಲವೇ ಆಮೇಲೆ ಬಂದ ಮಿಷನರಿಗಳವು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ತಂದ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಹಾಲೇರಿ ರಾಜರ ಕ್ರೌರ್ಯದ ವಿವರ ಅದರಲ್ಲಿ ಬೇಕಾದಷ್ಟಿದೆ. ಆ ದಿನಗಳನ್ನು ಕಂಡ ಜನ ಆಗಿನ್ನೂ ಬದುಕಿದ್ದರು ಎಂಬುದು ಅದರ ಬಲ. ಬರೆದವರಿಗೆ ಕಂಪನಿಯ ಆಳ್ವಿಕೆ ಬಂದದ್ದೇ ಒಳ್ಳೆಯದು ಅನ್ನಿಸಿತ್ತು ಎಂಬುದು ಅದರ ಮಿತಿ.

ಇದು ಕೊಡಗಿಗೆ ಮಾತ್ರ ಆದದ್ದಲ್ಲ. ರಷ್ಯಾದಲ್ಲಿ ಮೂರನೇ ಪೀಟರ್ ಎಂಬ ಚಕ್ರವರ್ತಿ ಇದ್ದ. 1762ರಲ್ಲಿ ಆರು ತಿಂಗಳು ಮಾತ್ರ ಆಳಿದ. ಹೆಂಡತಿ ಕ್ಯಾಥರೀನ್ ಸೈನ್ಯವನ್ನು ಕಟ್ಟಿಕೊಂಡು ಅವನನ್ನು ಇಳಿಸಿ ತಾನೇ ಪಟ್ಟಕ್ಕೆ ಬಂದಳು. ಕೆಲವೇ ದಿನಗಳಲ್ಲಿ ಅವನು ಕಾವಲಿನಲ್ಲಿದ್ದಾಗ ಸತ್ತ. ಮೂಲವ್ಯಾಧಿ ಉಲ್ಬಣಿಸಿ ಹೊಟ್ಟೆನೋವಿನಿಂದ ಸತ್ತನೆಂದು ಜನರಿಗೆ ತಿಳಿಸಲಾಯಿತು. ಅವನು ಬೊಂಬೆ ಸೈನಿಕರ ಜೊತೆ ಆಡುತ್ತಿದ್ದ ಪೆದ್ದ ಎಂದು ಜಗತ್ತು ಇಂದಿಗೂ ನಂಬಿರುವುದಕ್ಕೆ ಮುಖ್ಯ ಆಧಾರ ಕ್ಯಾಥರೀನಳ ಆತ್ಮಕಥನವೇ. ಆದರೆ ಆ ಆರು ತಿಂಗಳಲ್ಲಿ ಅವನು ರಹಸ್ಯ ವಿಚಾರಣಾ ಕಚೇರಿಯನ್ನು ರದ್ದು ಮಾಡಿದ್ದ, ಶ್ರೀಮಂತ ಮನೆತನಗಳಿಗಿದ್ದ ಕಡ್ಡಾಯ ಸರ್ಕಾರಿ ಸೇವೆಯನ್ನು ತೆಗೆದಿದ್ದ. ಪೆದ್ದನ ಕೆಲಸ ಅನ್ನಿಸುವುದಿಲ್ಲ.

ಹಾಗಂತ ಪೀಟರನಿಗೆ ಕೊಟ್ಟ ರಿಯಾಯಿತಿಯನ್ನು ಚಿಕ್ಕವೀರರಾಜನಿಗೂ ಕೊಡಲು ನಾನು ಸಿದ್ಧನಿಲ್ಲ. ಪೀಟರ್ ಕೊಲೆಯಾದವನು. ಇವನ ಅರಮನೆಯಲ್ಲಿ ಕೊಲೆಯಾದವರು ಬೇರೆಯವರು. ಮೀಟರ್ ಓರೆ ಇರಬಹುದು, ಆದರೆ ರೀಡಿಂಗ್ ಸೊನ್ನೆಯಂತೂ ಅಲ್ಲ.

ಇವನ ಆಳ್ವಿಕೆಗೆ ಕೊನೆ ತಂದದ್ದು ಹೊರಗಿನ ಶತ್ರುವಲ್ಲ, ಸ್ವಂತ ಸೋದರಿ. ಅವಳ ಹೆಸರೂ ದೇವಮ್ಮಾಜಿ. ಗಂಡ ಅಪ್ಪಂಗಳದ ಚೆನ್ನಬಸಪ್ಪ. 1832ರಲ್ಲಿ ಗಂಡ ಹೆಂಡತಿ ಇಬ್ಬರೂ ಜೀವಭಯದಿಂದ ಕೊಡಗಿನ ಗಡಿ ದಾಟಿ ಮೈಸೂರು ಸೀಮೆಗೆ ಓಡಿದರು, ಬ್ರಿಟಿಷ್ ರೆಸಿಡೆಂಟ್ ಕಸಮೇಜರನ ಆಶ್ರಯ ಬೇಡಿದರು. ಅದರ ಹಿಂದಿನ ವರ್ಷವಷ್ಟೇ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಂಪನಿ ತೆಗೆದುಕೊಂಡಿತ್ತು. ಪಕ್ಕದ ದೊಡ್ಡ ಮನೆಗೇ ಹಾಗಾದ ಮೇಲೆ ತನ್ನ ಸರದಿ ದೂರವಿಲ್ಲ ಎಂದು ದೊರೆಗೆ ಗೊತ್ತಾಗಬೇಕಿತ್ತು. ಗೊತ್ತಾದಂತೆ ಕಾಣುವುದಿಲ್ಲ. ಸೋದರಿಯನ್ನೂ ಭಾವನನ್ನೂ ಹಿಂದಕ್ಕೆ ಕಳಿಸಿ ಎಂದು ಪತ್ರದ ಮೇಲೆ ಪತ್ರ ಬರೆಸಿದ. ಕಂಪನಿ ಒಪ್ಪಲಿಲ್ಲ. 1833ರಲ್ಲಿ ಮಾತುಕತೆಗೆಂದು ಮಲಬಾರಿನಿಂದ ಬಂದ ಕರುಣಾಕರ ಮೆನನ್ ಎಂಬ ಅಧಿಕಾರಿಯನ್ನು ದೊರೆ ಒತ್ತೆಯಾಳಿನಂತೆ ಮಡಿಕೇರಿಯಲ್ಲೇ ಹಿಡಿದಿಟ್ಟುಕೊಂಡ. ಕಂಪನಿಗೆ ಬೇಕಾಗಿದ್ದ ನೆಪ ಕೈಗೆ ಬಂತು.

1834ರ ಏಪ್ರಿಲ್ ಮೊದಲ ವಾರದಲ್ಲಿ ಕರ್ನಲ್ ಲಿಂಡ್ಸೆಯ ಮುಂದಾಳತ್ವದಲ್ಲಿ ಸುಮಾರು 6,000 ಸೈನಿಕರು ನಾಲ್ಕು ದಿಕ್ಕಿನಿಂದ ಕೊಡಗಿನೊಳಗೆ ನುಗ್ಗಿದರು. ಗೈಡ್‌ನಲ್ಲಿ ಕೊಡಗು ಸುಮ್ಮನೆ ಶರಣಾಯಿತು ಎಂಬಂತೆ ಇರುತ್ತದೆ. ಹಾಗಾಗಲಿಲ್ಲ. ಕೊಡ್ಲಿಪೇಟೆ ಕಡೆಯಿಂದ ಬಂದ ಉತ್ತರದ ಪಡೆಗೆ ಮರ ಕಡಿದು ಅಡ್ಡಹಾಕಿದ್ದ ತಡೆಗೋಡೆಯ ಮುಂದೆ ಏಪ್ರಿಲ್ 3ರಂದು ಸರಿಯಾದ ಪೆಟ್ಟು ಬಿತ್ತು. ಕರ್ನಲ್ ಮಿಲ್ ಎಂಬ ಅಧಿಕಾರಿ ಅಲ್ಲೇ ಸತ್ತ. ಕುಂಬಳೆ ಕಡೆಯಿಂದ ಬಂದ ಇನ್ನೊಂದು ಪಡೆಯೂ ಹಿಮ್ಮೆಟ್ಟಬೇಕಾಯಿತು. ಕೊಡಗಿನ ಕಾಡು, ಕಣಿವೆ, ಕಡಂಗ ಗೊತ್ತಿದ್ದವರು ಕೋವಿ ಹಿಡಿದು ಕೂತರೆ ಲೆಕ್ಕಾಚಾರ ಬೇರೆಯಾಗುತ್ತದೆ. ಆದರೆ ದೊರೆಯ ಮನಸ್ಸು ಎರಡಾಗಿತ್ತು. ಒಂದು ಕಡೆ ಕಾದಾಟ ನಡೆಯುತ್ತಿರುವಾಗಲೇ ಇನ್ನೊಂದು ಕಡೆಯಿಂದ ಸಂಧಿಯ ಮಾತು ಕಳಿಸಿದ. ದಿವಾನ ಅಪ್ಪಾರಂಡ ಬೋಪು ಆ ಮಾತನ್ನು ಹೊತ್ತು ಇಂಗ್ಲಿಷರ ಹತ್ತಿರ ಹೋದ, ಏಪ್ರಿಲ್ 6ರಂದು ಮಡಿಕೇರಿ ಕೋಟೆಯ ಮೇಲೆ ಅವರ ಬಾವುಟ ಏರಿತು.

ದೊರೆ ಆ ಹೊತ್ತಿಗೆ ಮಡಿಕೇರಿಯಲ್ಲಿರಲಿಲ್ಲ. ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಗೆ ಹೋಗಿ ಕೂತಿದ್ದ. ದೊಡ್ಡಪ್ಪ ಟಿಪ್ಪುವಿನ ಕಾಲದಲ್ಲಿ ಕಾಡಿನ ಮರೆಯಲ್ಲಿ ಕಟ್ಟಿಸಿಕೊಂಡ ಅರಮನೆ ಅದು. ದಿವಾನ ಬಸವನ ಹೆಣ ಕಾಡಿನಲ್ಲಿ ನೇಣಿನಲ್ಲಿ ತೂಗುತ್ತಿದ್ದುದು ಸಿಕ್ಕಿತು. ತಾನಾಗಿ ಹಾಕಿಕೊಂಡನೋ ಯಾರಾದರೂ ಹಾಕಿದರೋ, ಎಲ್ಲ ಗುಟ್ಟು ಬಲ್ಲವನ ಬಾಯಿ ಮುಚ್ಚಿತು. ಏಪ್ರಿಲ್ 10ರಂದು ದೊರೆ ಶರಣಾದ, 24ರಂದು ಮಡಿಕೇರಿ ಬಿಟ್ಟ. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಕೊಡಗಿನ ಜನರೆಲ್ಲ ಒಮ್ಮತದಿಂದ ಕಂಪನಿಯ ಆಳ್ವಿಕೆಯನ್ನು ಬಯಸಿದ್ದರಿಂದ ಈ ನಾಡನ್ನು ಸೇರಿಸಿಕೊಳ್ಳಲಾಗಿದೆ ಎಂದು ಬರೆದಿತ್ತು. ಇನ್ನೂರು ವರ್ಷಕ್ಕೂ ಮೀರಿದ ಹಾಲೇರಿ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಆ ಒಮ್ಮತ ಎಂಬ ಮಾತನ್ನು ಪರೀಕ್ಷಿಸಲು ನಮಗೆ ಬೇರೆ ಮೀಟರ್ ಒಂದು ಸಿಗುತ್ತದೆ. ಮೂರೇ ವರ್ಷಕ್ಕೆ, 1837ರಲ್ಲಿ, ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದ್ದ ಅಮರ ಸುಳ್ಯ ಸೀಮೆಯಲ್ಲಿ ರೈತರು ಎದ್ದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಎಂದದ್ದು ದೊಡ್ಡ ಕಾರಣ. ಆದರೆ ಅವರು ಮುಂದೆ ನಿಲ್ಲಿಸಿಕೊಂಡದ್ದು ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರನ್ನು. ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟುಕೊಂಡರು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ನೇಣಿಗೆ ಹಾಕಿದರು. ದೊರೆ ಅಷ್ಟು ಕೆಟ್ಟವನಾಗಿದ್ದರೆ ಅವನ ವಂಶದ ಹೆಸರಿಗೆ ಜನ ಯಾಕೆ ಪ್ರಾಣ ಕೊಟ್ಟರು? ದೊರೆ ಬೇರೆ, ದೊರೆತನ ಬೇರೆ ಎಂದು ಅವರಿಗೆ ಅನ್ನಿಸಿರಬೇಕು ಎಂಬುದು ನನ್ನ ಊಹೆ.

ಈಗ ಗೈಡ್‌ನಲ್ಲಿಲ್ಲದ ಭಾಗ. ದೊರೆಯನ್ನು ಪರಿವಾರದ ಸಮೇತ ಮೊದಲು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ಕೊಡಗಿನ ಚಳಿ ಮಳೆಯಲ್ಲಿ ಬೆಳೆದವನು ಗಂಗೆಯ ದಡದ ಬಿಸಿಲಿನಲ್ಲಿ, ಕಂಪನಿ ಕೊಡುವ ಪಿಂಚಣಿಯಲ್ಲಿ, ಕಾವಲಿನ ನಡುವೆ ವರ್ಷಗಟ್ಟಲೆ ಕಳೆದ. ಮಗಳು ಗೌರಮ್ಮ ಹುಟ್ಟಿದ್ದು ಆ ಗಡೀಪಾರಿನ ಕಾಲದಲ್ಲಿ, 1841ರಲ್ಲಿ. ಅಷ್ಟರಲ್ಲಿ ಅವನ ತಲೆಯಲ್ಲಿ ಒಂದೇ ವಿಷಯ ಉಳಿದಿತ್ತು. ರಾಜ್ಯ ಹೋಯಿತು, ಸರಿ. ಹಣ ಎಲ್ಲಿ? ದೊಡ್ಡಪ್ಪನ ಕಾಲದಲ್ಲಿ ಕಂಪನಿಯಲ್ಲಿ ತೊಡಗಿಸಿದ್ದ ಹಣಕ್ಕೆ ಕಂಪನಿಯೇ ಬರೆದುಕೊಟ್ಟ ಸಾಲಪತ್ರಗಳಿದ್ದವು. 1834ರಲ್ಲಿ ಕಂಪನಿ ಅವನ್ನೂ ತೆಗೆದುಕೊಂಡಿತ್ತು, ಬಡ್ಡಿ ನಿಂತಿತ್ತು.

1852ರಲ್ಲಿ ಅನುಮತಿ ಪಡೆದು, 11 ವರ್ಷದ ಗೌರಮ್ಮನನ್ನು ಕರೆದುಕೊಂಡು ಹಡಗು ಹತ್ತಿದ. ಭಾರತದ ರಾಜರಲ್ಲಿ ಇಂಗ್ಲೆಂಡಿಗೆ ಹೋದ ಮೊದಲಿಗರಲ್ಲಿ ಇವನೊಬ್ಬ. ಹೊರಗೆ ಹೇಳಿದ ಕಾರಣ ಮಗಳಿಗೆ ಇಂಗ್ಲಿಷ್ ವಿದ್ಯೆ ಕೊಡಿಸುವುದು, ಕ್ರೈಸ್ತ ಧರ್ಮಕ್ಕೆ ಸೇರಿಸುವುದು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಆ ವರ್ಷವೇ ದೀಕ್ಷೆ ನಡೆಯಿತು. ಹುಡುಗಿ ವಿಕ್ಟೋರಿಯಾ ಗೌರಮ್ಮ ಆದಳು. ರಾಣಿಯ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಲಂಡನ್ನಿನ ದೊಡ್ಡಮನುಷ್ಯರ ಮನೆಗಳ ಬಾಗಿಲು ಅಪ್ಪನಿಗೂ ತೆರೆಯಿತು.

ಮಗಳನ್ನು ಮುಂದಿಟ್ಟುಕೊಂಡು ಹಣ ಬಿಡಿಸಿಕೊಳ್ಳಲು ಹೋದನೇ? ನನಗಂತೂ ಹಾಗೆಯೇ ಕಾಣುತ್ತದೆ. ಆದರೆ ಲೆಕ್ಕ ತಲೆಕೆಳಗಾಯಿತು. ಹುಡುಗಿಯನ್ನು ಇಂಗ್ಲಿಷ್ ಪೋಷಕರ ಮನೆಯಲ್ಲಿಟ್ಟರು. ಅಪ್ಪನ ಪ್ರಭಾವ ಬೀಳಬಾರದೆಂದು ಭೇಟಿಗೂ ಕಟ್ಟುಪಾಡು ಬಂತು. ಒಂದು ಕಾಲದಲ್ಲಿ ಕೊಡಗಿನ ಗಡಿಯೊಳಗೆ ಯಾರು ಬರಬೇಕು, ಯಾರು ಬರಬಾರದು ಎಂದು ತೀರ್ಮಾನಿಸುತ್ತಿದ್ದವನು ಸ್ವಂತ ಮಗಳನ್ನು ನೋಡಲು ಬೇರೆಯವರ ಒಪ್ಪಿಗೆ ಕೇಳಬೇಕಾಯಿತು. ಅವನ ಇಡೀ ಬದುಕಿನಲ್ಲಿ ನನಗೆ ಕನಿಕರ ಹುಟ್ಟುವುದು ಇಲ್ಲೊಂದೇ ಕಡೆ. ಗೌರಮ್ಮ 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬವನನ್ನು ಮದುವೆಯಾದಳು, ಒಂದು ಹೆಣ್ಣುಮಗುವಾಯಿತು, 1864ರಲ್ಲಿ ಕ್ಷಯದಿಂದ ತೀರಿಕೊಂಡಳು. 23 ದಾಟಿರಲಿಲ್ಲ. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ದೊರೆ ಅಷ್ಟಕ್ಕೇ ಬಿಡಲಿಲ್ಲ. ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ದಾವೆ ಹೂಡಿದ. ಭಾರತದ ಒಬ್ಬ ಮಾಜಿ ರಾಜ, ಕಂಪನಿಯ ಊರಿನಲ್ಲೇ, ಕಂಪನಿಯ ಕಾನೂನನ್ನೇ ಹಿಡಿದು ನನ್ನ ದುಡ್ಡು ಕೊಡಿ ಎಂದು ನಿಂತದ್ದು ಸಣ್ಣ ವಿಷಯವಲ್ಲ. ಅವನ ವಾದ ನಮ್ಮ ನಿಮ್ಮಂಥವರಿಗೂ ಅರ್ಥವಾಗುವಂಥದು. ಯುದ್ಧದಲ್ಲಿ ರಾಜ್ಯ ಗೆದ್ದಿರಿ, ಇಟ್ಟುಕೊಳ್ಳಿ. ಆದರೆ ಈ ಪತ್ರಗಳು ರಾಜ್ಯವಲ್ಲ, ನೀವು ಬರೆದುಕೊಟ್ಟ ಸಾಲದ ಚೀಟಿ. ನೀವು ವ್ಯಾಪಾರದ ಕಂಪನಿ, ಸಾಲಗಾರ. ಕೊಟ್ಟವನ ಕೈಯಿಂದ ಚೀಟಿ ಕಿತ್ತುಕೊಂಡ ಮಾತ್ರಕ್ಕೆ ಸಾಲ ತೀರುತ್ತದೆಯೇ?

1859ರ ಸೆಪ್ಟೆಂಬರ್ 24ರಂದು ಅವನು ಲಂಡನ್ನಿನಲ್ಲೇ ಸತ್ತ. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಹೂಳಿದರು. ದಾವೆಯ ತೀರ್ಪು ಬಂದದ್ದು 1860ರಲ್ಲಿ. ಅಷ್ಟರಲ್ಲಿ ಭಾರತದ ಆಳ್ವಿಕೆಯೂ ಕಂಪನಿಯ ಕೈಯಿಂದ ರಾಣಿಯ ಕೈಗೆ ಹೋಗಿತ್ತು. ನ್ಯಾಯಾಧೀಶ ಸರ್ ಜಾನ್ ರೊಮಿಲಿ ದಾವೆಯನ್ನು ವಜಾ ಮಾಡಿದರು. ಆ ಪತ್ರಗಳನ್ನು ಕಂಪನಿ ವಶಪಡಿಸಿಕೊಂಡದ್ದು ವ್ಯಾಪಾರಿಯಾಗಿ ಅಲ್ಲ, ಯುದ್ಧ ಗೆದ್ದ ಪ್ರಭುವಾಗಿ, ಅದನ್ನು ಪ್ರಶ್ನಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂಬುದು ತೀರ್ಪಿನ ಸಾರ. ಸಾಲ ತೆಗೆದುಕೊಳ್ಳುವಾಗ ಒಂದು ಟೋಪಿ, ಜಪ್ತಿ ಮಾಡುವಾಗ ಇನ್ನೊಂದು ಟೋಪಿ, ತಲೆ ಮಾತ್ರ ಒಂದೇ. ನನಗೆ ಈ ತೀರ್ಪು ಎಷ್ಟು ಸಲ ಓದಿಕೊಂಡರೂ ನ್ಯಾಯ ಅನ್ನಿಸಿಲ್ಲ.

ಆದರೆ ನ್ಯಾಯ ಸಿಗಬೇಕಾಗಿದ್ದದ್ದು ಇವನಿಗೇ ಹೌದೇ ಎಂಬ ಪ್ರಶ್ನೆಯೂ ನನ್ನನ್ನು ಬಿಡುವುದಿಲ್ಲ. ದೊಡ್ಡ ವೀರರಾಜೇಂದ್ರ ಕಂಪನಿಯಲ್ಲಿ ಹಣ ಇಟ್ಟದ್ದು ಹೆಣ್ಣುಮಕ್ಕಳಿಗಾಗಿ. ಅವರಲ್ಲಿ ಹಿರಿಯವಳ ಪಟ್ಟವನ್ನು ಇವನ ಅಪ್ಪ ಕಿತ್ತುಕೊಂಡ, ಜೀವ ಇವನ ಕಾಲದಲ್ಲಿ ಹೋಯಿತು. ಅವಳ ಪರವಾಗಿ ಯಾವ ನ್ಯಾಯಾಲಯದಲ್ಲೂ ಯಾರೂ ದಾವೆ ಹಾಕಲಿಲ್ಲ. ಗೌರಮ್ಮನ ಚಿತ್ರ ಇದೆ, ದೇವಮ್ಮಾಜಿಯ ಮುಖ ಹೇಗಿತ್ತೆಂದು ಹೇಳುವ ಚಿತ್ರವನ್ನು ನಾನೆಲ್ಲೂ ಕಂಡಿಲ್ಲ.

ಚೆಟ್ಟಳ್ಳಿಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಬರುವ ಕಾಲೇಜು ಹುಡುಗರಿಗೆ ಒಂದು ಮಾತು. ಕೋಟೆ, ರಾಜಾಸೀಟು ಎಲ್ಲರೂ ನೋಡಿರುತ್ತೀರಿ. ಊರಿನ ಎತ್ತರದಲ್ಲಿರುವ ಗದ್ದಿಗೆಗೂ ಒಮ್ಮೆ ಹೋಗಿ ಬನ್ನಿ. ದೊಡ್ಡ ವೀರರಾಜೇಂದ್ರನೂ ಮಹದೇವಮ್ಮಾಜಿಯೂ ಅಲ್ಲಿದ್ದಾರೆ, ಪಕ್ಕದಲ್ಲಿ ಲಿಂಗರಾಜ ಇದ್ದಾನೆ. ಹತ್ತಿರದಲ್ಲೇ ಅವರ ಸೇನಾನಿ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ಕೊನೆಯ ದೊರೆ ಅಲ್ಲಿಲ್ಲ. ಅವನು ಉಳಿದಿರುವ ಇನ್ನೊಂದು ಜಾಗ ಇಂಗ್ಲೆಂಡಿನ ಕಾನೂನು ವರದಿಗಳು. ಅಲ್ಲಿ ಮೊಕದ್ದಮೆಯ ಶೀರ್ಷಿಕೆಯಲ್ಲಿ ಅವನಿಗೆ ಹೆಸರಿಲ್ಲ. ಕೊಡಗಿನ ಮಾಜಿ ರಾಜ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ ಎಂದಷ್ಟೇ ಅಚ್ಚಾಗಿದೆ.